ಶ್ರವಣ ಸಾಧನ ಧರಿಸುವವರಿಗೆ ತಕ್ಕ ಕಾರ್ಡ್‌ಲೆಸ್ ದೂರವಾಣಿಯ ಆಯ್ಕೆ

ಶ್ರವಣ ಸಾಧನವನ್ನು ಧರಿಸಿ, ಎದುರಿಗೆ ಕುಳಿತವರೊಡನೆ ಸಲೀಸಾಗಿ ಮಾತನಾಡಬಲ್ಲ ಅನೇಕರು ದೂರವಾಣಿಯ ಗಂಟೆ ಬಾರಿಸಿದೊಡನೆ ಅದನ್ನು ಮನೆಯ ಮತ್ತೊಬ್ಬರ ಕೈಗೆ ಕೊಟ್ಟುಬಿಡುತ್ತಾರೆ. ಸಂಕೋಚವೇ ಇದಕ್ಕೆ ಕಾರಣವೆಂದು ಮನೆಯವರು ಭಾವಿಸುವುದುಂಟು. ವಾಸ್ತವವಾಗಿ ಕಾರಣ ಬೇರೆ. ಎದುರಿಗಿರುವವರ ತುಟಿಯ ಚಲನೆ, ಮುಖಭಾವ, ಕೈಸನ್ನೆ ಇವೆಲ್ಲವೂ ಕೇಳುವಿಕೆಗೆ ನೆರವಾಗುತ್ತವೆ. ದೂರವಾಣಿಯಲ್ಲಿ ಈ ನೆರವು ದೊರೆಯದು. ಜೊತೆಗೆ, ಸಾಮಾನ್ಯ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಒಯ್ಯುತ್ತದೆ. ಸಕಾರದ ಧ್ವನಿಶಕ್ತಿಯ ಬಹುಭಾಗವು ಈ ಮಿತಿಗಿಂತ ಮೇಲಿನದು. ಆದುದರಿಂದಲೇ ‘ಸಾಲು’ ಎಂದುದು ‘ಹಾಲು’ ಎಂದು ಕೇಳಿಸುವುದು. ‘ಎಪ್ಪತ್ತು’ ಎಂದುದು ‘ಎಂಬತ್ತು’ ಎಂದು ಕೇಳಿಸಿದರೆ ತೊಡಕು ಇನ್ನೂ ಹೆಚ್ಚು. ವೈದ್ಯರು ಔಷಧಿಯ ಪ್ರಮಾಣವನ್ನು ತಿಳಿಸುವಾಗಲೋ ಬ್ಯಾಂಕಿನವರು ಮೊತ್ತವನ್ನು ಹೇಳುವಾಗಲೋ ಇಂತಹ ತಪ್ಪು ಕ್ಷುಲ್ಲಕವಾಗಿ ಉಳಿಯುವುದಿಲ್ಲ.

ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗ ವೃದ್ಧರಿಗೆ ಈ ವಿಷಯದಲ್ಲಿ ಇನ್ನೊಂದು ನಷ್ಟವೂ ಇದೆ. ನೆರೆಹೊರೆಯ ಭಾಷೆ ಬೇರೆ. ಮೊಮ್ಮಕ್ಕಳ ಮಾತಿನಲ್ಲಿ ಕನ್ನಡ ಅರ್ಧದಷ್ಟು. ಊರಿನಲ್ಲಿರುವ ಒಡಹುಟ್ಟಿದವರೊಡನೆ ದೂರವಾಣಿಯಲ್ಲಿ ಆಡುವ ಮಾತೇ ಅವರ ಪಾಲಿಗೆ ದಿನದ ಕನ್ನಡ ಸಂಭಾಷಣೆಯಾಗಿರುತ್ತದೆ. ಅದು ನಿಂತರೆ ಒಬ್ಬಂಟಿತನ ಬಲಿಯುತ್ತದೆ. ತಕ್ಕ ಉಪಕರಣವನ್ನು ಆರಿಸಿಕೊಂಡಲ್ಲಿ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅಂಗಡಿಯವರು ಸಾಮಾನ್ಯವಾಗಿ ಮೊದಲು ತೋರಿಸುವುದು ಧ್ವನಿ ಜೋರಾಗಿರುವ ಫೋನನ್ನು. ಜೋರು ಬೇರೆ, ಸ್ಪಷ್ಟತೆ ಬೇರೆ. ಒಳಗಿವಿಯ ದೋಷದಿಂದ ಶ್ರವಣಶಕ್ತಿ ಕುಂದಿದವರಿಗೆ ಮೆಲುದನಿ ಕೇಳಿಸದು. ದನಿಯನ್ನು ಸ್ವಲ್ಪ ಏರಿಸಿದೊಡನೆಯೇ ಅದು ಕಿವಿಗೆ ಬಡಿದಂತಾಗುತ್ತದೆ. ಇವೆರಡರ ನಡುವಿನ ಅವಕಾಶ ಅವರಿಗೆ ಕಿರಿದು.

ಧ್ವನಿ ಕಿವಿಯನ್ನು ಸೇರುವ ಎರಡು ಮಾರ್ಗಗಳು

ಫೋನಿನ ಧ್ವನಿಯು ಶ್ರವಣ ಸಾಧನವನ್ನು ಎರಡು ರೀತಿಯಲ್ಲಿ ಸೇರಬಹುದು. ಮೊದಲನೆಯದು ಗಾಳಿಯ ಮೂಲಕ. ಹ್ಯಾಂಡ್‌ಸೆಟ್‌ನಿಂದ ಹೊರಟ ಸದ್ದನ್ನು ಸಾಧನದ ಮೈಕ್ರೋಫೋನು ಗ್ರಹಿಸಿ, ವರ್ಧಿಸಿ, ಕಿವಿಗೆ ಕಳುಹಿಸುತ್ತದೆ. ಕಿವಿಯ ಹಿಂದೆ ಧರಿಸುವ ಸಾಧನಗಳಲ್ಲಿ ಮೈಕ್ರೋಫೋನು ಇರುವುದು ಕಿವಿಯ ಮೇಲ್ಭಾಗದಲ್ಲಿ. ಬಹುಮಂದಿ ಇದನ್ನು ಅರಿಯದೆ ಹ್ಯಾಂಡ್‌ಸೆಟ್ಟನ್ನು ಕಿವಿಯ ರಂಧ್ರಕ್ಕೆ ಒತ್ತಿ ಹಿಡಿಯುತ್ತಾರೆ. ಮಾತು ಕ್ಷೀಣವಾಗಿ ಕೇಳುತ್ತದೆ. ಸಾಧನಕ್ಕೆ ತೀರ ಒತ್ತಿದರೆ, ವರ್ಧಿತ ಧ್ವನಿಯೇ ಮರಳಿ ಮೈಕ್ರೋಫೋನನ್ನು ಹೊಕ್ಕು ಶಿಳ್ಳೆಯಂತಹ ಸದ್ದು ಏಳುತ್ತದೆ. ಹ್ಯಾಂಡ್‌ಸೆಟ್ಟನ್ನು ತುಸು ಮೇಲಕ್ಕೆ ಸರಿಸಿ, ಓರೆಯಾಗಿ, ಬೆರಳಿನಷ್ಟು ಅಂತರದಲ್ಲಿ ಹಿಡಿದರೆ ಈ ತೊಂದರೆ ಎಷ್ಟೋ ಕಡಿಮೆಯಾಗುವುದು. ಆದರೆ ಈ ಮಾರ್ಗದಲ್ಲಿ ಕೋಣೆಯ ಗದ್ದಲ, ಫ್ಯಾನಿನ ಸದ್ದು, ಬೀದಿಯ ಹಾರನ್ನು ಎಲ್ಲವೂ ಮಾತಿನ ಜೊತೆಗೇ ವರ್ಧನೆಗೊಂಡು ಬರುತ್ತವೆ.

ಎರಡನೆಯ ಮಾರ್ಗ ಕಾಂತಕ್ಷೇತ್ರದ ಮೂಲಕ. ಅನೇಕ ಶ್ರವಣ ಸಾಧನಗಳೊಳಗೆ ಸಣ್ಣದೊಂದು ತಂತಿಯ ಸುರುಳಿಯಿರುತ್ತದೆ. ಇದನ್ನು ಟೆಲಿಕಾಯಿಲ್ ಅಥವಾ ಟಿ-ಕಾಯಿಲ್ ಎನ್ನುತ್ತಾರೆ. ಫೋನಿನ ಶ್ರವಣಭಾಗದಲ್ಲಿರುವ ಕಾಂತ ಮತ್ತು ಸುರುಳಿಗಳು ಮಾತಿಗೆ ಅನುಗುಣವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಸಾಧನವನ್ನು ‘ಟಿ’ ಸ್ಥಾನಕ್ಕೆ ತಂದಾಗ ಮೈಕ್ರೋಫೋನು ಸ್ಥಗಿತಗೊಂಡು ಈ ಸುರುಳಿಯು ಕ್ಷೇತ್ರವನ್ನು ಗ್ರಹಿಸುತ್ತದೆ. ಆಗ ಸುತ್ತಲಿನ ಗದ್ದಲ ಬಾರದು, ಶಿಳ್ಳೆಯೂ ಏಳದು, ಫೋನಿನ ಮಾತು ಮಾತ್ರ ಬರುತ್ತದೆ. ‘ಎಂಟಿ’ ಸ್ಥಾನವಿದ್ದರೆ ಎರಡೂ ಏಕಕಾಲದಲ್ಲಿ ಕೆಲಸ ಮಾಡುತ್ತವೆ.

ಈ ಸುರುಳಿಯ ಉಪಯೋಗ ಆರಂಭವಾದುದು ಒಂದು ರೀತಿಯಲ್ಲಿ ಆಕಸ್ಮಿಕ. ಹಳೆಯ ಭಾರವಾದ ಕಪ್ಪು ದೂರವಾಣಿಗಳ ರಿಸೀವರಿನಿಂದ ಕಾಂತಕ್ಷೇತ್ರವು ಧಾರಾಳವಾಗಿ ಸೋರುತ್ತಿತ್ತು. ಶ್ರವಣ ಸಾಧನ ತಯಾರಕರು ಆ ಸೋರಿಕೆಯನ್ನೇ ಬಳಸಿಕೊಂಡರು. ಹೊಸ ವಿನ್ಯಾಸದ ಹಗುರ ರಿಸೀವರುಗಳು ಬಂದಾಗ ಸೋರಿಕೆ ಕುಗ್ಗಿ, ‘ಟಿ’ ಸ್ಥಾನ ಅನೇಕರಿಗೆ ನಿರುಪಯುಕ್ತವಾಯಿತು. ಅಮೆರಿಕವು ಇದಕ್ಕಾಗಿ 1988ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅದರಂತೆ ತಂತಿಸಹಿತ ದೂರವಾಣಿಗಳು 1989ರ ಆಗಸ್ಟ್‌ನಿಂದಲೂ ಕಾರ್ಡ್‌ಲೆಸ್ ದೂರವಾಣಿಗಳು 1991ರ ಆಗಸ್ಟ್‌ನಿಂದಲೂ ಶ್ರವಣ ಸಾಧನಕ್ಕೆ ಹೊಂದಿಕೊಳ್ಳುವಂತಹವಾಗಿಯೇ ತಯಾರಾಗಬೇಕೆಂದು ವಿಧಿಸಲಾಯಿತು. 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿ ಹಾಗೂ ಪತ್ನಿ ಇಬ್ಬರಿಗೂ ಶ್ರವಣದೋಷವಿತ್ತು ಎಂಬುದನ್ನು ನೆನೆದರೆ, ಈ ಕಾನೂನು ಬರಲು ಒಂದು ಶತಮಾನಕ್ಕೂ ಮೀರಿದ ಕಾಲ ಹಿಡಿದುದು ಸೋಜಿಗವೇ ಸರಿ.

ಕಾರ್ಡ್‌ಲೆಸ್ ಫೋನಿನ ವಿಶೇಷ ತೊಡಕು

ಕಾರ್ಡ್‌ಲೆಸ್ ಫೋನಿನ ಹ್ಯಾಂಡ್‌ಸೆಟ್ ಸ್ವತಃ ಒಂದು ಪುಟ್ಟ ರೇಡಿಯೋ ಪ್ರೇಷಕ. ಇಂದು ಪ್ರಚಲಿತವಿರುವ ಡೆಕ್ಟ್ ವಿಧಾನದಲ್ಲಿ ಅದು ಬೇಸ್‌ಗೆ ಸಂಕೇತಗಳನ್ನು ನಿರಂತರ ಧಾರೆಯಾಗಿ ಕಳುಹಿಸುವುದಿಲ್ಲ. ಸೆಕೆಂಡಿಗೆ 100 ಬಾರಿ ಚಿಕ್ಕ ಚಿಕ್ಕ ತುಣುಕುಗಳಾಗಿ ಕಳುಹಿಸುತ್ತದೆ. ಶ್ರವಣ ಸಾಧನದ ಮಂಡಲವು ಈ ಬಡಿತವನ್ನು ಹಿಡಿದುಕೊಂಡರೆ ‘ಗುಂಯ್’ ಎಂಬ ಎಡೆಬಿಡದ ಸದ್ದಾಗಿ ಕೇಳಿಸುತ್ತದೆ. ಇದಲ್ಲದೆ, ಹ್ಯಾಂಡ್‌ಸೆಟ್‌ನ ಬ್ಯಾಟರಿಯಿಂದ ಹರಿಯುವ ವಿದ್ಯುತ್ತು ಮತ್ತು ಬೆಳಗುವ ಪರದೆ ಇವೂ ಕಾಂತೀಯ ಗದ್ದಲವನ್ನು ಉಂಟುಮಾಡಬಲ್ಲವು. ‘ಟಿ’ ಸ್ಥಾನದಲ್ಲಿರುವ ಸುರುಳಿಗೆ ಅದು ಮಾತಿನೊಡನೆ ಬೆರೆತು ತಲುಪುತ್ತದೆ. ಫೋನಿನ ಕಾಂತಕ್ಷೇತ್ರ ಪ್ರಬಲವಾಗಿದ್ದರೂ ಮಾತು ಅರ್ಥವಾಗದಿರಲು ಇದೇ ಕಾರಣ.

ಪೆಟ್ಟಿಗೆಯ ಮೇಲಿನ ಗುರುತುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ‘ಎಚ್‌ಎಸಿ’ ಎಂಬ ಅಕ್ಷರಗಳು ಶ್ರವಣ ಸಾಧನಕ್ಕೆ ಹೊಂದುವಷ್ಟು ಕಾಂತಕ್ಷೇತ್ರವುಂಟೆಂದು ಸೂಚಿಸುತ್ತವೆ. ಗದ್ದಲ ಎಷ್ಟೆಂದು ತಿಳಿಸುವುದಿಲ್ಲ. ಆ ಕೊರತೆಯನ್ನು ತುಂಬಲೆಂದೇ ಡಿಜಿಟಲ್ ಕಾರ್ಡ್‌ಲೆಸ್ ಫೋನುಗಳಿಗಾಗಿ ಟಿಐಎ-1083 ಎಂಬ ಮಾನಕ ರೂಪುಗೊಂಡಿತು. ಈ ಸಂಖ್ಯೆಯು ವಿವರಪುಸ್ತಿಕೆಯಲ್ಲಿ ನಮೂದಾಗಿದ್ದರೆ ಆ ಫೋನಿಗೆ ಆದ್ಯತೆ ನೀಡಬಹುದು. ‘ಎಂ3’, ‘ಟಿ4’ ಮೊದಲಾದ ಶ್ರೇಣಿಗಳು ಮೊಬೈಲ್ ಫೋನುಗಳಿಗಾಗಿ ಬಂದವು. ಅವನ್ನು ಕಾರ್ಡ್‌ಲೆಸ್ ಪೆಟ್ಟಿಗೆಯ ಮೇಲೆ ಹುಡುಕುವ ಅಗತ್ಯವಿಲ್ಲ.

ಗುರುತು ಏನೇ ಹೇಳಲಿ, ಅಂತಿಮ ನಿರ್ಣಯವನ್ನು ಸ್ವಂತ ಕಿವಿಗೆ, ಸ್ವಂತ ಸಾಧನಕ್ಕೆ ಬಿಡತಕ್ಕದ್ದು. ಒಂದೇ ಫೋನು ಒಬ್ಬರ ಸಾಧನದೊಡನೆ ನಿಶ್ಶಬ್ದವಾಗಿದ್ದು ಮತ್ತೊಬ್ಬರದರೊಡನೆ ಗುಂಯ್‌ಗುಟ್ಟುವುದು ಸಾಮಾನ್ಯ ಸಂಗತಿ.

ಆದರೆ ಅಂಗಡಿಗೆ ಹೋಗುವ ಮೊದಲು ಶ್ರವಣತಜ್ಞರನ್ನು ಕಾಣುವುದು ಲೇಸು. ತಮ್ಮ ಸಾಧನದಲ್ಲಿ ಸುರುಳಿಯಿದೆಯೇ ಎಂಬುದೇ ಬಹುಮಂದಿಗೆ ತಿಳಿದಿರುವುದಿಲ್ಲ. ಕಿವಿಯೊಳಗೆ ಅಡಗುವ ಅತಿ ಚಿಕ್ಕ ಸಾಧನಗಳಲ್ಲಿ ಸ್ಥಳಾಭಾವದಿಂದ ಅದನ್ನು ಅಳವಡಿಸಿರುವುದಿಲ್ಲ. ಸುರುಳಿಯಿದ್ದ ಡಿಜಿಟಲ್ ಸಾಧನಗಳಲ್ಲಿಯೂ ತಜ್ಞರು ಗಣಕದ ಮೂಲಕ ‘ಟಿ’ ಕಾರ್ಯಕ್ರಮವನ್ನು ಅಣಿಗೊಳಿಸದಿದ್ದರೆ ಅದು ಇದ್ದೂ ಇಲ್ಲದಂತೆಯೇ. ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಪರೀಕ್ಷೆಗೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಫೋನನ್ನು ಅಂಗಡಿಯ ದೂರವಾಣಿ ಸಂಪರ್ಕಕ್ಕೆ ಜೋಡಿಸಲು ಕೋರಬೇಕು. ಡಯಲ್ ಟೋನನ್ನು ಕೇಳಿ ತೃಪ್ತರಾಗಬಾರದು, ಏಕೆಂದರೆ ಆ ನಾದವು ಸಣ್ಣಪುಟ್ಟ ಗದ್ದಲವನ್ನು ಮುಚ್ಚಿಬಿಡುತ್ತದೆ. ಮನೆಗೆ ಕರೆ ಮಾಡಿ, ಅತ್ತಣವರು ಹತ್ತಿಪ್ಪತ್ತು ಸಂಖ್ಯೆಗಳನ್ನೂ ಬಿಡಿ ಪದಗಳನ್ನೂ ಓದುವಂತೆ ಏರ್ಪಡಿಸಿ, ಕೇಳಿದ್ದನ್ನು ಬರೆದುಕೊಳ್ಳಬೇಕು. ವಾಕ್ಯಗಳಾದರೆ ಊಹೆಯಿಂದ ತುಂಬಿಕೊಳ್ಳಬಹುದು, ಸಂಖ್ಯೆಗಳಲ್ಲಿ ಊಹೆ ನಡೆಯದು. ಮೊದಲು ಮೈಕ್ರೋಫೋನ್ ಸ್ಥಾನದಲ್ಲಿ, ಬಳಿಕ ‘ಟಿ’ ಸ್ಥಾನದಲ್ಲಿ ಇದನ್ನು ನಡೆಸಬೇಕು. ‘ಟಿ’ ಸ್ಥಾನದಲ್ಲಿ ಹ್ಯಾಂಡ್‌ಸೆಟ್ಟನ್ನು ಮೆಲ್ಲನೆ ಮೇಲೆ ಕೆಳಗೆ ಸರಿಸುತ್ತ, ಓರೆಯಾಗಿಸುತ್ತ ಮಾತು ಸ್ಫುಟವಾಗುವ ನೆಲೆಯನ್ನು ಗುರುತಿಸಿಕೊಳ್ಳಬೇಕು. ಅತ್ತಣವರು ಮೌನವಾಗಿದ್ದಾಗ ಏನು ಕೇಳಿಸುತ್ತದೆಂಬುದನ್ನು ಗಮನಿಸಬೇಕು. ಪರದೆಯ ಬೆಳಕು ಆರಿದಾಗ ಗದ್ದಲ ಕಡಿಮೆಯಾದರೆ ದೋಷ ಪರದೆಯದು. ಟ್ಯೂಬ್‌ಲೈಟ್, ಟ್ರಾನ್ಸ್‌ಫಾರ್ಮರ್‌ಗಳ ಸಮೀಪದಲ್ಲಿ ಸುರುಳಿಯು ಅವುಗಳ ಗುನುಗನ್ನೂ ಹಿಡಿಯುವುದರಿಂದ, ಒಂದು ಸ್ಥಳದಲ್ಲಿ ಕೆಟ್ಟದಾಗಿ ಕೇಳಿಸಿದರೆ ನಾಲ್ಕು ಹೆಜ್ಜೆ ಆಚೆ ಸರಿದು ಮತ್ತೊಮ್ಮೆ ನೋಡತಕ್ಕದ್ದು. ಅಂಗಡಿಯಲ್ಲಿ ಇದಕ್ಕೆ ಅವಕಾಶವಿಲ್ಲದಿದ್ದರೆ, ಹಿಂದಿರುಗಿಸುವ ಷರತ್ತನ್ನು ರಸೀದಿಯಲ್ಲಿ ಬರೆಸಿಕೊಂಡೇ ಕೊಳ್ಳಬೇಕು.

ಉಳಿದ ಸೌಲಭ್ಯಗಳಲ್ಲಿ ಗಂಟೆಯ ಸ್ವರ ಮುಖ್ಯ. ವಯಸ್ಸಿನೊಡನೆ ಮೊದಲು ಕುಂದುವುದು ಕೀರಲು ಧ್ವನಿಗಳ ಶ್ರವಣ. ಆದುದರಿಂದ ತಗ್ಗಿನ ಸ್ವರದ ಗಂಟೆ ಹಾಗೂ ಮಿನುಗುವ ದೀಪ ಇರುವುದು ಉಪಯುಕ್ತ. ಧ್ವನಿವರ್ಧನೆಯುಳ್ಳ ಫೋನಾದರೆ, ಕರೆ ಮುಗಿದೊಡನೆ ಧ್ವನಿ ತಾನಾಗಿಯೇ ಸಾಮಾನ್ಯ ಮಟ್ಟಕ್ಕೆ ಇಳಿಯುವಂತಿರಬೇಕು. ಇಲ್ಲವಾದರೆ ಅದೇ ಫೋನನ್ನು ಎತ್ತಿಕೊಳ್ಳುವ ಮಗುವಿನ ಕಿವಿಗೆ ಅಪಾಯ. ‘ಇಕೋ’ ಎಂಬ ಸೌಲಭ್ಯವು ಬೇಸ್‌ನ ಸಮೀಪದಲ್ಲಿರುವಾಗ ರೇಡಿಯೋ ಶಕ್ತಿಯನ್ನು ತಗ್ಗಿಸುವುದರಿಂದ ಗುಂಯ್ ಸದ್ದು ಕಡಿಮೆಯಾಗುವ ಸಂಭವವುಂಟು. ಇಯರ್‌ಫೋನ್ ಕಿಂಡಿಯಿದ್ದರೆ ಅದಕ್ಕೆ ಕೊರಳಲ್ಲಿ ಧರಿಸುವ ಸುರುಳಿಯನ್ನು ಜೋಡಿಸಬಹುದು. ಹ್ಯಾಂಡ್‌ಸೆಟ್ ಕಿವಿಯಿಂದ ದೂರವಿದ್ದು, ಎರಡೂ ಕಿವಿಗಳ ಸಾಧನಗಳಿಗೆ ಏಕಕಾಲದಲ್ಲಿ ಮಾತು ತಲುಪುತ್ತದೆ. ಎರಡು ಕಿವಿಗಳಿಂದ ಕೇಳಿದಾಗ ದೊರೆಯುವ ಅನುಕೂಲ ಅನುಭವಿಸಿದವರಿಗೇ ಗೊತ್ತು. ಬ್ಲೂಟೂತ್ ಉಳ್ಳ ಶ್ರವಣ ಸಾಧನಗಳು ಮೊಬೈಲಿನ ಮಾತನ್ನು ನೇರವಾಗಿ ಪಡೆಯುತ್ತವೆ. ಅಂತಹ ಸಾಧನವುಳ್ಳವರಿಗೆ ಕಾರ್ಡ್‌ಲೆಸ್ ಫೋನಿನ ಅಗತ್ಯವೇ ಬಾರದಿರಬಹುದು.

ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸುವ ಫೋನಿನ ಬಗ್ಗೆ ಒಂದು ಎಚ್ಚರಿಕೆ ಅವಶ್ಯ. ಅಮೆರಿಕದ ಡೆಕ್ಟ್ 6.0 ಫೋನುಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಅದು ಮೊಬೈಲ್ ಸೇವೆಗೆ ಮೀಸಲಾದ ತರಂಗಾಂತರ. ಯೂರೋಪಿನ ಡೆಕ್ಟ್ ಫೋನುಗಳದು 1880ರಿಂದ 1900 ಮೆಗಾಹರ್ಟ್ಸ್. ಚೆನ್ನೈನ ಐಐಟಿಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕಾರ್‌ಡೆಕ್ಟ್ ವ್ಯವಸ್ಥೆಯೂ ಈ ಎರಡನೆಯ ತರಂಗಾಂತರವನ್ನೇ ಬಳಸಿತ್ತು. ಎಷ್ಟೇ ಉತ್ತಮವಾಗಿದ್ದರೂ ಅಮೆರಿಕದ ಫೋನನ್ನು ಇಲ್ಲಿ ಬಳಸುವುದು ಮೊಬೈಲ್ ಜಾಲಕ್ಕೆ ಅಡಚಣೆ ತರುವ ಕಾರ್ಯ. ಅದರ ಅಡಾಪ್ಟರ್ ಕೂಡ ಸಾಮಾನ್ಯವಾಗಿ 120 ವೋಲ್ಟಿನದು.

ಕಾರ್ಡ್‌ಲೆಸ್ ಫೋನಿನ ಬೇಸ್‌ಗೆ ವಿದ್ಯುತ್ ಬೇಕೇಬೇಕು. ಕರೆಂಟು ಹೋದರೆ ಅದು ಮೂಕ. ಆದ ಕಾರಣ ಶ್ರವಣದೋಷವುಳ್ಳವರ ಮನೆಯಲ್ಲಿ, ‘ಟಿ’ ಸ್ಥಾನಕ್ಕೆ ಹೊಂದುವ ತಂತಿಸಹಿತ ಫೋನೊಂದನ್ನೂ ಉಳಿಸಿಕೊಳ್ಳುವುದು ಸೂಕ್ತ. ಅದರಲ್ಲಿ ರೇಡಿಯೋ ಬಡಿತದ ಕಾಟವೂ ಇಲ್ಲ. ಸಂಪರ್ಕವು ಫೈಬರ್ ಮೂಲಕ ಬಂದಿದ್ದರೆ ಮೋಡೆಮ್‌ಗೂ ವಿದ್ಯುತ್ ಬೇಕಾಗುವುದರಿಂದ ಅದಕ್ಕೆ ಬ್ಯಾಟರಿಯ ಬೆಂಬಲ ಕಲ್ಪಿಸಬೇಕು.

ಶ್ರವಣ ಪರೀಕ್ಷೆ ಹಾಗೂ ಸಾಧನದ ಹೊಂದಾಣಿಕೆಗಾಗಿ ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ದೌರ್ಬಲ್ಯ ಸಂಸ್ಥೆಯನ್ನು ಸಂಪರ್ಕಿಸಬಹುದು. ಸಿಕಂದರಾಬಾದ್ ಮತ್ತು ನೋಯಿಡಾದಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ರಜೆಯಲ್ಲಿ ಊರಿಗೆ ಬರುವವರಿಗೆ, 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳುವ ಅನುಕೂಲವಿದೆ. ಬಳಸುತ್ತಿರುವ ಹ್ಯಾಂಡ್‌ಸೆಟ್ಟನ್ನೂ ಅದರ ಬೇಸನ್ನೂ ಜೊತೆಗೆ ಕೊಂಡೊಯ್ದರೆ, ‘ಟಿ’ ಕಾರ್ಯಕ್ರಮದ ಧ್ವನಿಮಟ್ಟವನ್ನು ಆ ಫೋನಿಗೆ ತಕ್ಕಂತೆ ಹೊಂದಿಸಿಕೊಡುವಂತೆ ತಜ್ಞರನ್ನು ಕೇಳಬಹುದು.