ಗರಿಕೆಗೊಂದು ಗಡಿ: ಅಂಗಳದ ಲಾನ್ ಪಕ್ಕದ ಮಡಿಗೆ ನುಗ್ಗದಂತೆ

ಎರಡು ಮೂರು ಗೆಣ್ಣಿರುವ ಗರಿಕೆಯ ತುಂಡೊಂದು ಹಸಿ ಮಣ್ಣಿಗೆ ಬಿದ್ದರೆ ಸಾಕು, ಕೆಲವೇ ದಿನಗಳಲ್ಲಿ ಗೆಣ್ಣಿನ ಬುಡದಿಂದ ಬಿಳಿ ಬೇರು ಇಣುಕುತ್ತದೆ. ನೆಲದ ಮೇಲೆ ಹರಿಯುವ ಹಂಬು ಒಂದು, ನೆಲದೊಳಗೆ ಓಡುವ ಗಟ್ಟಿ ಬಿಳಿ ಕಾಂಡ ಇನ್ನೊಂದು. ಎರಡರ ಪ್ರತಿ ಗೆಣ್ಣೂ ಹೊಸ ಗಿಡವಾಗಬಲ್ಲದು. ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಕರಕಿ ಎಂದು ಬೈಸಿಕೊಳ್ಳುವ ಕಳೆಯೂ ಬೆಂಗಳೂರಿನ ನರ್ಸರಿಗಳಲ್ಲಿ ಬರ್ಮುಡಾ ಎಂದು ಚದರ ಅಡಿ ಲೆಕ್ಕದಲ್ಲಿ ಮಾರಾಟವಾಗುವ ಸರಕೂ ಒಂದೇ ಹುಲ್ಲು. ತೋಟದ ಮನೆಯ ಮುಂದೆ ಲಾನ್ ಮಾಡುವವರು ಅದು ಎಲ್ಲಿಗೆ ನಿಲ್ಲಬೇಕೆಂದು ಮೊದಲೇ ಗೆರೆ ಎಳೆದುಕೊಂಡರೆ ಮುಂದಿನ ಅರ್ಧ ಕೆಲಸ ಹಗುರ.

ಗರಿಕೆಗೆ ಬಿಸಿಲು ಬೇಕು. ದಿನಕ್ಕೆ ಕನಿಷ್ಠ ಆರು ಗಂಟೆ, ಎಂಟಾದರೆ ಇನ್ನೂ ಒಳ್ಳೆಯದು. ಜೋಳ, ಕಬ್ಬಿನ ಹಾಗೆ ಇದೂ ಕಡು ಬಿಸಿಲಿನಲ್ಲೇ ಹೆಚ್ಚು ಆಹಾರ ತಯಾರಿಸುವ ಸಸ್ಯ. ಹಗಲಿನ ಉಷ್ಣತೆ 27ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಭರಾಟೆಯಿಂದ ಬೆಳೆಯುತ್ತದೆ. ಮಾವಿನ ಮರದಡಿ ಎಷ್ಟು ಗೊಬ್ಬರ ಸುರಿದರೂ ಅದು ಕಡ್ಡಿ ಕಡ್ಡಿಯಾಗಿ ಮೇಲೆದ್ದು ತೆಳುವಾಗುತ್ತದೆ. ಅಂಥ ಕಡೆ ನೆರಳು ತಾಳುವ ಬೇರೆ ಹುಲ್ಲು ಹಾಕುವುದೇ ಜಾಣತನ.

ಆಟದ ಮೈದಾನಗಳ ನಯವಾದ ಹುಲ್ಲನ್ನು ನೋಡಿ ಅದೇ ತಳಿ ಬೇಕೆಂದು ಕೇಳುವವರಿದ್ದಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿಯ ಕೆಲಸದಿಂದ ಬಂದ ಟಿಫ್‌ವೇ (1960), ಟಿಫ್‌ಡ್ವಾರ್ಫ್ (1965) ಇವುಗಳಲ್ಲಿ ಪ್ರಸಿದ್ಧ. ಸಾಮಾನ್ಯ ಗರಿಕೆ ಮತ್ತು ಆಫ್ರಿಕಾದ ಸಣ್ಣೆಲೆಯ ಗರಿಕೆಯ ಮಿಶ್ರಣವಾದ ಇವು ಮೊಳೆಯುವ ಬೀಜ ಕಟ್ಟುವುದಿಲ್ಲ. ಹಾಗಾಗಿ ಈ ಹೆಸರಿನ ಬೀಜದ ಪೊಟ್ಟಣ ಯಾರಾದರೂ ತೋರಿಸಿದರೆ ಕೊಳ್ಳಬಾರದು. ಇವನ್ನು ಹಂಬಿನಿಂದ ಅಥವಾ ಹುಲ್ಲಿನ ಹಾಳೆಯಿಂದಲೇ ಬೆಳೆಸಬೇಕು. ತೀರಾ ಗಿಡ್ಡವಾಗಿ, ಪದೇ ಪದೇ ಕತ್ತರಿಸುತ್ತಿದ್ದರೆ ಮಾತ್ರ ಇವುಗಳ ಅಂದ. ಮಕ್ಕಳು ಆಡುವ, ಹಪ್ಪಳ ಒಣಗಿಸುವ ಅಂಗಳಕ್ಕೆ ಊರ ಗರಿಕೆಯೇ ಧಾರಾಳ ಸಾಕು.

ನಾಟಿಗೆ ಮುಂಗಾರಿನ ಆರಂಭ ಒಳ್ಳೆಯ ಕಾಲ. ಅದಕ್ಕೂ ಮೊದಲೇ ಒಂದಡಿ ಆಳ ಅಗೆದು, ಕಲ್ಲು ಆರಿಸಿ, ಮನೆಯ ಗೋಡೆಯಿಂದ ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರಬೇಕು. ಆಮೇಲೆ ನೀರು ಹಾಯಿಸಿ ಎರಡು ಮೂರು ವಾರ ಸುಮ್ಮನೆ ಬಿಡಬೇಕು. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕಾದದ್ದು ಇದೇ. ಮಣ್ಣಿನಲ್ಲಿ ಅಡಗಿದ್ದ ಜೇಕು ಆಗ ಚಿಗುರಿ ತಾನಿರುವ ಜಾಗ ತೋರಿಸುತ್ತದೆ, ಗಡ್ಡೆಸಹಿತ ಕೀಳಬಹುದು. ಲಾನ್ ಕೂಡಿಕೊಂಡ ಮೇಲೆ ಜೇಕು ಕೀಳಹೊರಟರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಮಣ್ಣಿಗೆ ಸೇರಿಸುವ ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿಗೊಬ್ಬರದ ಜೊತೆ ಕಳೆ ಬೀಜವೂ ಗೊಣ್ಣೆಹುಳುವೂ ಬಂದು ಸೇರುತ್ತವೆ.

ಹಂಬಿನ ತುಂಡುಗಳನ್ನು ನಾಲ್ಕೈದು ಅಂಗುಲ ಅಂತರದಲ್ಲಿ ಊರುವುದು ಅಗ್ಗದ ದಾರಿ, ಕೂಡಿಕೊಳ್ಳಲು ಕೆಲವು ತಿಂಗಳು ಬೇಕು. ಬೇಗ ಆಗಬೇಕೆಂದರೆ ನಮ್ಮ ಕಡೆಯ ಹಳೆಯ ವಿಧಾನವೊಂದಿದೆ. ಗರಿಕೆಯನ್ನು ಎರಡು ಮೂರು ಅಂಗುಲದ ತುಂಡುಗಳಾಗಿ ಕೊಚ್ಚಿ, ಎರಡು ಬುಟ್ಟಿ ತುಂಡಿಗೆ ಒಂದು ಬುಟ್ಟಿ ಮಣ್ಣು, ಒಂದು ಬುಟ್ಟಿ ಸಗಣಿ, ಒಂದಿಷ್ಟು ಸೌದೆಯ ಬೂದಿ ಸೇರಿಸಿ ನೀರಿನಲ್ಲಿ ಗಟ್ಟಿಯಾಗಿ ಕಲಸುತ್ತಾರೆ. ತೇವ ಮಾಡಿ ಸಮ ಮಾಡಿದ ನೆಲದ ಮೇಲೆ ಅದನ್ನು ಒಂದು ಅಂಗುಲ ದಪ್ಪಕ್ಕೆ ಬಳಿದು ಝಾರಿಯಲ್ಲಿ ನೀರು ಚಿಮುಕಿಸುತ್ತಾರೆ. ಮರುದಿನ ರೋಲರ್ ಎಳೆದರೆ ಹದಿನೈದು ದಿನದಲ್ಲಿ ಹಸಿರು ಮೇಲೇಳುತ್ತದೆ. ಇಲ್ಲಿ ಸಗಣಿ ಹಸಿಯದೇ ಆಗಿರುವುದರಿಂದ ಮೊದಲ ತಿಂಗಳು ಕೈಯಿಂದ ಕಳೆ ಕೀಳುವ ಕೆಲಸ ತಪ್ಪಿದ್ದಲ್ಲ.

ಲಾನ್ ಕೆಡುವುದು ಹೆಚ್ಚಾಗಿ ಕತ್ತರಿಸುವಲ್ಲಿ. ಹದಿನೈದು ಇಪ್ಪತ್ತು ದಿನ ಮರೆತು, ಹುಲ್ಲು ಗೇಣುದ್ದ ಬೆಳೆದ ಮೇಲೆ ಒಂದೇ ಸಲ ಬುಡಕ್ಕೆ ಮೂವರ್ ಇಡುತ್ತಾರೆ. ಎತ್ತರಕ್ಕೆ ಬೆಳೆದ ಗರಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಹಸಿರೆಲೆಯೆಲ್ಲ ತುದಿಯಲ್ಲಿ, ಕೆಳಗೆ ಬರೀ ಒಣಹುಲ್ಲಿನ ಬಣ್ಣದ ಕಡ್ಡಿ. ತುದಿ ಹೋದರೆ ಉಳಿಯುವುದು ಆ ಕಡ್ಡಿಯೇ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಊರ ಗರಿಕೆಯನ್ನು ಒಂದರಿಂದ ಒಂದೂವರೆ ಅಂಗುಲದಲ್ಲಿ ಇಟ್ಟುಕೊಳ್ಳಬೇಕೆಂದರೆ ಎರಡು ಅಂಗುಲ ಮುಟ್ಟುವಷ್ಟರಲ್ಲಿ ಮೂವರ್ ಹೊರಬರಬೇಕು. ಮಳೆಗಾಲದಲ್ಲಿ ಹೆಚ್ಚುಕಡಿಮೆ ವಾರಕ್ಕೊಮ್ಮೆ. ಸಣ್ಣದಾಗಿ ಕತ್ತರಿಸಿದ ತುದಿಗಳನ್ನು ಗುಡಿಸಿ ಬಿಸಾಡಬೇಕಾಗಿಲ್ಲ, ಅಲ್ಲೇ ಕಳಿತು ಸಾರಜನಕವನ್ನು ಮಣ್ಣಿಗೆ ಮರಳಿಸುತ್ತವೆ.

ಗೊಬ್ಬರದ ಲೆಕ್ಕ ಸರಳ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಲಾನಿಗೆ ಬೆಳವಣಿಗೆಯ ತಿಂಗಳಲ್ಲಿ ಒಂದು ಕೆ.ಜಿ. ಯೂರಿಯಾ ಮೇಲ್ಮಿತಿ, ಅದನ್ನೂ ಎರಡು ಕಂತು ಮಾಡಿ, ಎಲೆ ಒಣಗಿರುವಾಗ ಎರಚಿ, ತಕ್ಷಣ ನೀರು ಕೊಡಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಹುಲ್ಲು ಮಂಕಾಯಿತೆಂದು ಯೂರಿಯಾ ಸುರಿಯುವುದು ದಂಡ.

ನೀರಿನ ಲೆಕ್ಕ ಅಷ್ಟು ಹಿತವಾದದ್ದಲ್ಲ. ವಾರಕ್ಕೆ 25 ಮಿಲಿಮೀಟರ್ ಎಂದರೆ ಅದೇ ಲಾನಿಗೆ 2500 ಲೀಟರ್. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದಿತು. ಆದರೆ ಬೇರೂರಿದ ಗರಿಕೆ ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಕಂದಾಗಿ ಮಲಗುತ್ತದೆ, ಸಾಮಾನ್ಯವಾಗಿ ಸಾಯುವುದಿಲ್ಲ. ಮಳೆ ಬಿದ್ದೊಡನೆ ಗೆಣ್ಣುಗಳಿಂದ ಚಿಗುರುತ್ತದೆ. ಏಪ್ರಿಲಿನಲ್ಲೂ ಹಸಿರಾಗಿಯೇ ಇರಬೇಕೆಂಬ ಹಟ ಬಿಟ್ಟರೆ ಬೋರ್‌ವೆಲ್‌ಗೆ ಉಸಿರು. ಕೊಡುವ ನೀರನ್ನು ದಿನಾ ಚಿಮುಕಿಸುವ ಬದಲು ವಾರಕ್ಕೆ ಒಂದೆರಡು ಸಲ, ಅರ್ಧ ಅಡಿ ಇಳಿಯುವಂತೆ ಕೊಡಬೇಕು.

ಇನ್ನು ಗಡಿಯ ಮಾತು. ಲಾನಿನ ಸುತ್ತ ಕಲ್ಲನ್ನೋ ಇಟ್ಟಿಗೆಯನ್ನೋ ಅರ್ಧ ಅಡಿ ಹೂತು ನಿಲ್ಲಿಸಿ, ತುಸು ನೆಲದ ಮೇಲೂ ಕಾಣುವಂತೆ ಬಿಟ್ಟರೆ ಒಳಗಿನ ಕಾಂಡದ ಓಟ ಬಹುಮಟ್ಟಿಗೆ ತಡೆಯುತ್ತದೆ. ಮೇಲಿನ ಹಂಬು ಮಾತ್ರ ಅದನ್ನೂ ಹತ್ತಿ ಇಳಿಯುತ್ತದೆ. ಮೂವರ್ ಹಿಡಿದ ದಿನವೇ ಅಂಚನ್ನೂ ಕುಡುಗೋಲಿನಿಂದ ಸವರಬೇಕು. ಲಾನಿನೊಳಗಿನ ಅಗಲೆಲೆ ಕಳೆಗೆ 2,4-ಡಿ ಹೊಡೆಯುವವರು ಗಾಳಿ ನೋಡಿಕೊಳ್ಳಬೇಕು: ಪಕ್ಕದ ಟೊಮೆಟೊ, ಹತ್ತಿ, ದ್ರಾಕ್ಷಿಯ ಎಲೆ ಮುರುಟಿಹೋಗುತ್ತದೆ. ಔಷಧಿ ಬಿದ್ದ ಹುಲ್ಲನ್ನು ಗಣಪತಿಗೆಂದೋ ಕಷಾಯಕ್ಕೆಂದೋ ಕೀಳುವಂತಿಲ್ಲ, ಮನೆಯವರಿಗೆಲ್ಲ ಹೇಳಿಡಬೇಕು.

ಗರಿಕೆ ಗಡಿ ದಾಟಿ ತರಕಾರಿ ಮಡಿಗೆ ಹೊಕ್ಕಿದ್ದರೆ ಒದ್ದೆ ಮಣ್ಣಿನಲ್ಲಿ ರೋಟವೇಟರ್ ಹೊಡೆಸಲೇಬಾರದು. ಹತ್ತು ಕಾಂಡ ನೂರು ತುಂಡಾಗಿ ಹೊಲವಿಡೀ ನಾಟಿಯಾಗುತ್ತದೆ. ಕಡು ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಹೆಂಟೆ ಒಡೆಯದೆ ಬಿಟ್ಟರೆ ಮೇಲೆ ಬಂದ ಕಾಂಡ ಬಿಸಿಲಿಗೆ ಸುಟ್ಟುಹೋಗುತ್ತದೆ. ಸಣ್ಣ ಮಡಿಯಾದರೆ ಗುದ್ದಲಿಯಿಂದ ಅಗೆದು ಆರಿಸಿ, ನೀರು ಹಾಕಿ, ಮಾರ್ಚ್‌ನಿಂದ ಮೇ ನಡುವೆ ಆರು ವಾರ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಬಹುದು. ಮಳೆ ಬಂದಮೇಲೆ ಅಪ್ಸೆಣಬನ್ನೋ ಅಲಸಂದೆಯನ್ನೋ ದಟ್ಟವಾಗಿ ಬಿತ್ತಿದರೆ ಉಳಿದ ಚಿಗುರು ನೆರಳು ಕವಿದು ಸೊರಗುತ್ತದೆ. ಗ್ಲೈಫೋಸೇಟ್ ತಂದು ಹೊಡೆದುಬಿಡೋಣ ಎನ್ನುವವರಿಗೆ ಕಾನೂನಿನ ತಡೆಯಿದೆ: ಕೇಂದ್ರ ಸರ್ಕಾರದ 2022ರ ಅಧಿಸೂಚನೆಯಂತೆ ಅದನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕು.

ಅಗೆದು ತೆಗೆದ ರಾಶಿಯನ್ನು ತಿಪ್ಪೆಗೆ ಎಸೆಯಬಾರದು, ಮುಂದಿನ ವರ್ಷ ಗೊಬ್ಬರದ ಜೊತೆ ಹೊಲಕ್ಕೇ ವಾಪಸು ಬರುತ್ತದೆ. ಔಷಧಿ ತಾಗಿಲ್ಲದಿದ್ದರೆ ಮಣ್ಣು ಕೊಡವಿ ದನಗಳಿಗೆ ಹಾಕಿ. ಮಿಕ್ಕಿದ್ದನ್ನು ಕಲ್ಲುಹಾಸಿನ ಮೇಲೆ ಹರಡಿ ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ.