ಆಳಕ್ಕೆ ಕೊಟ್ಟ ಹಣ, ವೇಗಕ್ಕೆ ಕೊಡದ ಹಣ

ಹವ್ಯಾಸಕ್ಕೆಂದು ವ್ಯಯಮಾಡುವ ಹಣಕ್ಕೆ ಮನೆವಾರ್ತೆಯ ಹಣಕ್ಕಿಂತಲೂ ಹೆಚ್ಚಿನ ವಿವೇಚನೆ ಸಲ್ಲಬೇಕೆಂಬುದು ನನ್ನ ಬಹುಕಾಲದ ನಂಬಿಕೆ. ಏಕೆಂದರೆ ಅಕ್ಕಿ ಬೇಳೆಗಳ ವಿಷಯದಲ್ಲಿ ಅಗತ್ಯವೇ ಒಂದು ಮಿತಿಯನ್ನು ಹಾಕಿಕೊಡುತ್ತದೆ, ಹವ್ಯಾಸದಲ್ಲಾದರೋ ಆಸೆಗೆ ಎಲ್ಲೆಯನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ. ನಾನೂ ಮೈಸೂರಿನ ಮೂವರು ಮಿತ್ರರೂ ಕೂಡಿ ಕೊಂಡಿರುವ ಒಂದು ಚಿಕ್ಕ ಹಾಯಿದೋಣಿಗೆ ನೀರಿನ ಆಳವನ್ನೂ ದೋಣಿಯ ವೇಗವನ್ನೂ ತಿಳಿಸತಕ್ಕ ಸಂವೇದಕಗಳನ್ನು, ಅಂದರೆ ಅಂಗಡಿಯವರು ಟ್ರಾನ್ಸ್‌ಡ್ಯೂಸರ್ ಎನ್ನುವ ಉಪಕರಣಗಳನ್ನು, ಕೂಡಿಸಬೇಕೆಂಬ ಪ್ರಸ್ತಾಪ ಬಂದಾಗ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವ ಸಂದರ್ಭ ಒದಗಿತು.

ಸಮುದ್ರವಿಲ್ಲದ ಮೈಸೂರಿಗೆ ಹಾಯಿದೋಣಿಯೇಕೆ ಎಂದು ಕೇಳುವವರುಂಟು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಸಂಗಮದ ಕೆಳಗೆ 1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿ ಕಟ್ಟೆಯ ಹಿಂದೆ ಹರಡಿನಿಂತ ಜಲರಾಶಿಯನ್ನು, ಮುಂಗಾರಿನ ಪಡುವಣ ಗಾಳಿ ಬೀಸುವ ಒಂದು ಮಧ್ಯಾಹ್ನ ನೋಡಿದವರು ಆ ಪ್ರಶ್ನೆಯನ್ನು ಮತ್ತೆ ಕೇಳಲಾರರು. ರಾಯಲ್ ಮೈಸೂರು ಸೇಯ್ಲಿಂಗ್ ಕ್ಲಬ್ಬಿನ ಆಶ್ರಯದಲ್ಲಿ ಹಾಯಿದೋಣಿಯ ಸ್ಪರ್ಧೆಗಳು ನಡೆಯುವುದೂ ಈ ಹಿನ್ನೀರಿನಲ್ಲಿಯೇ.

ಆದರೆ ಈ ನೀರಿಗೆ ಸಮುದ್ರಕ್ಕಿಲ್ಲದ ಒಂದು ಗುಣವಿದೆ. ಸಮುದ್ರದ ಮಟ್ಟ ದಿನದಿನವೂ ಏರಿಳಿದು ತನ್ನ ಮರ್ಯಾದೆಯೊಳಗೇ ನಿಲ್ಲುತ್ತದೆ. ಕಟ್ಟೆಯ ಮಟ್ಟವಾದರೋ ತುಂಬಿದಾಗ 124.80 ಅಡಿಗೆ ಏರಿ, ಬರಗಾಲದ ಬೇಸಿಗೆಗಳಲ್ಲಿ 90 ಅಡಿಗಿಂತಲೂ ಕೆಳಕ್ಕೆ ಕುಸಿಯುತ್ತದೆ. ಆಗ ನಿನ್ನೆಯವರೆಗೆ ನೀರೆಂದು ಭಾವಿಸಿದ್ದೆಡೆ ಬಂಡೆ ತಲೆಯೆತ್ತುತ್ತದೆ, ಮುಳುಗಿದ ಊರುಗಳ ಗೋಡೆಯ ಅವಶೇಷಗಳು ಮೇಲ್ಮೈಯ ಸಮೀಪಕ್ಕೆ ಬರುತ್ತವೆ. ಈಗ ಹೊಸ ಕನ್ನಂಬಾಡಿಯಲ್ಲಿ ಪುನಃ ನಿಂತಿರುವ ವೇಣುಗೋಪಾಲಸ್ವಾಮಿಯ ದೇವಾಲಯವು ತನ್ನ ಮೂಲಸ್ಥಾನದಲ್ಲಿದ್ದ ಕಾಲದಲ್ಲಿ ನೀರು ತಗ್ಗಿದ ವರ್ಷಗಳಲ್ಲಿ ಮೇಲೆದ್ದು ಕಾಣುತ್ತಿದ್ದುದನ್ನು ಹಿರಿಯರು ಬಲ್ಲರು. ನಡುಹಲಗೆಯನ್ನು ಇಳಿಬಿಟ್ಟಾಗ ನಮ್ಮ ದೋಣಿಗೆ ನಾಲ್ಕು ಅಡಿ ನೀರು ಬೇಕು. ಆ ಹಲಗೆ ಬಂಡೆಗೆ ಬಡಿದರೆ ಆಗುವ ದುರಸ್ತಿಯ ವೆಚ್ಚ ಎಂಥ ಆಳಮಾಪಕದ ಬೆಲೆಯನ್ನೂ ಮೀರಿಸೀತು. ಆದುದರಿಂದ ಆಳವನ್ನು ತಿಳಿಯುವ ಸಾಧನ ನಮಗೆ ವಿಲಾಸದ ವಸ್ತುವಲ್ಲವೆಂಬುದರಲ್ಲಿ ನಾಲ್ವರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಭಿನ್ನಾಭಿಪ್ರಾಯ ಬಂದದ್ದು ವ್ಯಾಪಾರಿಯ ಅಂದಾಜುಪಟ್ಟಿ ಕೈಸೇರಿದ ಮೇಲೆ. ಆಳ, ವೇಗ, ನೀರಿನ ಉಷ್ಣತೆ ಈ ಮೂರನ್ನೂ ಒಂದೇ ಕೊಳವೆಯಲ್ಲಿ ಅಡಕಮಾಡಿದ ಸಂವೇದಕ, ಅದಕ್ಕೊಂದು ಪರದೆ, ಆಮದಿನ ಸುಂಕ, ಜಿಎಸ್‌ಟಿ, ದೋಣಿಯನ್ನು ದಡಕ್ಕೆಳೆಯುವ ಕೂಲಿ, ಅದರ ತಳದಲ್ಲಿ ಸುಮಾರು ಎರಡು ಇಂಚು ಅಗಲದ ತೂತು ಕೊರೆದು ಕೊಳವೆಯನ್ನು ಕೂರಿಸುವ ಕೆಲಸ, ಎಲ್ಲವೂ ಸೇರಿ ಮೊತ್ತ 70,000 ರೂಪಾಯಿಗಳನ್ನು ಮುಟ್ಟಿತ್ತು. ಅದರಲ್ಲಿ ಸಂವೇದಕದ ಬೆಲೆ ಅರ್ಧಕ್ಕೂ ಕಡಮೆ. ಯಾವ ಉಪಕರಣವನ್ನೇ ಕೊಳ್ಳುವಾಗಲೂ ಪಟ್ಟಿಯ ಮೊದಲ ಸಾಲನ್ನಷ್ಟೇ ಓದಿ ತೀರ್ಮಾನಿಸುವವರು ಗಮನಿಸಬೇಕಾದ ಸಂಗತಿಯಿದು. ಪಟ್ಟಿಯಲ್ಲಿ ಕಾಣದ ವೆಚ್ಚವೂ ಒಂದುಂಟು: ನೀರಿನ ಮಟ್ಟದ ಕೆಳಗೆ ತೂತು ಕೊರೆದ ದೋಣಿಯ ಒಡೆಯನು ಆ ತೂತಿನ ಅಂಚಿಗೆ ಎಪಾಕ್ಸಿ ಬಳಿಸಿ ಫೈಬರ್ ನೀರು ಕುಡಿಯದಂತೆ ಕಾಯಬೇಕು, ಕೊಳವೆಯ ಸುತ್ತಣ ಸೀಲಂಟನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ವೇಗವನ್ನು ಅಳೆಯುವ ಪುಟ್ಟ ಚಕ್ರಕ್ಕೆ ಪಾಚಿ ಸುತ್ತಿಕೊಂಡಾಗಲೆಲ್ಲ ಅದನ್ನು ಒಳಗಿನಿಂದ ಹೊರಗೆಳೆದು, ನುಗ್ಗುವ ನೀರಿಗೆ ತಡೆಯಾಗಿ ಬಿರಡೆಯನ್ನು ಕೂಡಲೆ ಜಡಿಯಬೇಕು. ಈ ಶ್ರಮ ಒಂದು ವರ್ಷದ್ದಲ್ಲ, ದೋಣಿ ಇರುವಷ್ಟು ಕಾಲದ್ದು.

ಹಾಗಾದರೆ ಈ ಎರಡು ಅಳತೆಗಳಲ್ಲಿ ಯಾವುದಕ್ಕೆ ಹಣ ಕೊಡತಕ್ಕದ್ದು? ಬೇರೆ ಯಾವ ಮಾರ್ಗದಿಂದಲೂ ಸುಲಭವಾಗಿ ದೊರೆಯದ ತಿಳಿವಳಿಕೆಗೆ ಹಣ ಕೊಡಬೇಕು, ಈಗಾಗಲೇ ನಮ್ಮ ಕೈಯಲ್ಲಿರುವುದಕ್ಕೆ ಮತ್ತೊಮ್ಮೆ ಕೊಡಬಾರದು ಎಂಬುದು ನಾನು ಮಿತ್ರರ ಮುಂದಿಟ್ಟ ನ್ಯಾಯ. ಚಕ್ರದ ವೇಗಮಾಪಕ ಹೇಳುವುದು ನೀರಿನ ಮೇಲೆ ದೋಣಿ ಎಷ್ಟು ವೇಗವಾಗಿ ಜಾರುತ್ತಿದೆ ಎಂಬುದನ್ನು; ಜೇಬಿನ ಮೊಬೈಲು ಉಪಗ್ರಹಗಳ ನೆರವಿನಿಂದ ಹೇಳುವುದು ನೆಲಕ್ಕೆ ಸಾಪೇಕ್ಷವಾಗಿ ದೋಣಿಯ ವೇಗವೆಷ್ಟು ಎಂಬುದನ್ನು. ಹರಿಯುವ ನೀರಿನಲ್ಲಿ ಇವೆರಡಕ್ಕೂ ಅಂತರ ಬಹಳ. ಕನ್ನಂಬಾಡಿಯ ವಿಶಾಲವಾದ ನಿಂತ ನೀರಿನಲ್ಲಿ ಆ ಅಂತರ ಗಣನೆಗೆ ಬಾರದಷ್ಟು ಅಲ್ಪ. ಅಂದಮೇಲೆ ಮೊಬೈಲು ಬಿಟ್ಟಿಯಾಗಿ ಕೊಡುತ್ತಿರುವ ಅಂಕಿಯನ್ನೇ ಚಕ್ರದಿಂದ ಪಡೆಯಲು ದೋಣಿಯ ತಳವನ್ನು ಕೊರೆಸುವುದೇತಕ್ಕೆ?

ಆಳದ ವಿಷಯ ಹಾಗಲ್ಲ. ಕಣ್ಣಿಗೆ ಕಾಣದ ತಳವನ್ನು ಯಾವ ಉಪಗ್ರಹವೂ ನಮಗೆ ತೋರಿಸಿಕೊಡದು. ಆಳಮಾಪಕದೊಳಗಣ ಪಿಂಗಾಣಿಯ ಬಿಲ್ಲೆಯು ವಿದ್ಯುತ್ತಿನ ಪ್ರಚೋದನೆಯಿಂದ ಸೆಕೆಂಡಿಗೆ ಎರಡು ಲಕ್ಷ ಸಲದಂತೆ ಕಂಪಿಸಿ, ಕಿವಿಗೆ ಕೇಳದ ಒಂದು ಧ್ವನಿಯನ್ನು ಕೆಳಕ್ಕೆ ಕಳುಹಿಸುತ್ತದೆ. ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಿಂದ ಸಾಗುವ ಆ ಧ್ವನಿ ತಳವನ್ನು ತಾಕಿ ಮರಳಿದ ಕಾಲವನ್ನು ಅರ್ಧಮಾಡಿ ಗುಣಿಸಿದರೆ ಆಳ ಸಿಕ್ಕಿತು. ಒಂಬತ್ತು ಮೀಟರು ಆಳವಿದ್ದೆಡೆ ಈ ಹೋಗಿಬರುವ ಪಯಣಕ್ಕೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹನ್ನೆರಡು ಭಾಗ ಸಾಕು. ಇಷ್ಟು ಸೂಕ್ಷ್ಮವಾದ ಗಣಿತವನ್ನು ಮಧ್ಯಮವರ್ಗದವರೂ ಕೊಳ್ಳಬಹುದಾದ ಒಂದು ಸಣ್ಣ ಡಬ್ಬಿಯಲ್ಲಿ ಅಡಗಿಸಿರುವುದನ್ನು ನಾನು ಎಂದೂ ಬೆರಗಿಲ್ಲದೆ ನೋಡಿದವನಲ್ಲ.

ಈ ಧ್ವನಿಗೆ ಗಟ್ಟಿ ಫೈಬರಿನ ತಳವನ್ನು ದಾಟಿ ಹೋಗುವ ಶಕ್ತಿಯಿರುವುದರಿಂದ ಆಳಮಾಪಕಕ್ಕೆ ತೂತೇ ಬೇಡ. ದೋಣಿಯ ಒಳಮೈಗೆ ಅಂಟಿಸಿದರೆ ಸಾಕು. ಮರದ ತಳಕ್ಕಾಗಲಿ, ಎರಡು ಪದರಗಳ ನಡುವೆ ಹಗುರವಾದ ಪೊಳ್ಳು ವಸ್ತುವನ್ನು ತುಂಬಿದ ತಳಕ್ಕಾಗಲಿ ಇದು ಒಗ್ಗದು, ಏಕೆಂದರೆ ಗಾಳಿ ಇದ್ದೆಡೆ ಧ್ವನಿ ಅಲ್ಲಿಯೇ ಉಡುಗಿಹೋಗುತ್ತದೆ. ಅಂಟಿಸುವ ಮುನ್ನ ನಾವು ದೋಣಿಯನ್ನು ನೀರಿನಲ್ಲಿಯೇ ಬಿಟ್ಟು, ಒಳಗೆ ನೆಲಹಲಗೆಯನ್ನು ಎತ್ತಿ, ಗುರುತುಮಾಡಿದ ಜಾಗದಲ್ಲಿ ಒಂದು ಬಟ್ಟಲು ನೀರು ಹೊಯ್ದು, ಬಿಲ್ಲೆಯನ್ನು ಅದರಲ್ಲಿ ಒತ್ತಿಹಿಡಿದು ಪರದೆಯ ಅಂಕಿಯನ್ನು ಓದಿದೆವು. ಅದೇ ಹೊತ್ತಿಗೆ ಸೀಸದ ಗುಂಡು ಕಟ್ಟಿ, ಅಡಿಗೊಂದು ಗಂಟು ಹಾಕಿದ ಹುರಿಯನ್ನು ದೋಣಿಯ ಪಕ್ಕದಿಂದ ಇಳಿಬಿಟ್ಟು ತಾಳೆನೋಡಿದೆವು. ಎರಡೂ ಒಂದಕ್ಕೊಂದು ಹೊಂದಿದ ಜಾಗವನ್ನೇ ಆರಿಸಿ, ಬಣ್ಣ ಹೋಗುವವರೆಗೆ ಮರಳುಕಾಗದದಿಂದ ಉಜ್ಜಿ, ದೋಸೆಹಿಟ್ಟಿನ ಹದಕ್ಕೆ ಕಲಸಿದ ಎಪಾಕ್ಸಿಯನ್ನು ಸುರಿದು, ಬಿಲ್ಲೆಯನ್ನು ಮೆಲ್ಲನೆ ತಿರುಗಿಸುತ್ತ ಒತ್ತಿದಾಗ ಅಡಿಯಲ್ಲಿ ಸಿಕ್ಕಿದ್ದ ಗಾಳಿಯ ಗುಳ್ಳೆಗಳು ಅಂಚಿಗೆ ಬಂದು ಒಡೆದುವು. ನಡುಹಲಗೆಯ ತುದಿಯ ಕೆಳಗೆ ಎಷ್ಟು ನೀರಿದೆಯೆಂದು ಪರದೆ ತೋರಿಸುವಂತೆ ಅಂತರವನ್ನು ಹೊಂದಿಸಿದೆವು. ಪರದೆ, ಬಿಲ್ಲೆ, ಬ್ಯಾಟರಿ, ಎಪಾಕ್ಸಿ ಎಲ್ಲವೂ ಸೇರಿ ವೆಚ್ಚ 25,000 ರೂಪಾಯಿಗಳನ್ನು ದಾಟಲಿಲ್ಲ. ನಾಲ್ವರಲ್ಲಿ ಹಂಚಿದಾಗ ತಲೆಗೆ 17,500 ರೂಪಾಯಿ ಬೀಳಬೇಕಾಗಿದ್ದಲ್ಲಿ ಆರು ಸಾವಿರದ ಆಸುಪಾಸು ಬಿತ್ತು.

ಆ ಆರು ಸಾವಿರ ಈಗಲೂ ಫಲ ಕೊಡುತ್ತಿದೆ. ಕಟ್ಟೆಯ ಮಟ್ಟವನ್ನು ಮೈಸೂರಿನ ಪತ್ರಿಕೆಗಳು ಪ್ರಕಟಿಸುತ್ತವೆ. ನಾವು ಆಳ ಅಳೆದ ಸ್ಥಳಗಳನ್ನು ಅಂದಿನ ಮಟ್ಟದೊಡನೆ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಮಟ್ಟ 124.80 ಇದ್ದ ದಿನ 30 ಅಡಿ ಸಿಕ್ಕಿದ ಸ್ಥಳದಲ್ಲಿ, ಮಟ್ಟ 110ಕ್ಕೆ ಇಳಿದ ದಿನ 15 ಅಡಿ ಚಿಲ್ಲರೆ ಉಳಿದಿರುತ್ತದೆಂಬುದನ್ನು ಮನೆಯ ಜಗುಲಿಯಲ್ಲಿ ಕುಳಿತೇ ಲೆಕ್ಕಹಾಕಬಹುದು. ಹೂಳು ತುಂಬುವುದರಿಂದ ಈ ಲೆಕ್ಕವನ್ನು ಆಗಾಗ ತಿದ್ದಿಕೊಳ್ಳಬೇಕೆಂಬುದು ನಿಜ. ಆದರೂ ಎಲೆಕ್ಟ್ರಾನಿಕ್ ಉಪಕರಣದ ಬೆಲೆ ಕೊಂಡ ದಿನದಿಂದಲೇ ಇಳಿಯುತ್ತ ಹೋಗುವಾಗ, ಅದರಿಂದ ಹುಟ್ಟಿದ ಈ ದಾಖಲೆಯ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ನನಗೆ ಅತ್ಯಂತ ಸಮಾಧಾನದ ವಿಷಯ.

ಕಾರವಾರದ ಕಾಳಿಯ ಅಳಿವೆಯಲ್ಲಾಗಲಿ, ಮಂಗಳೂರಿನಲ್ಲಿ ನೇತ್ರಾವತಿ ಫಲ್ಗುಣಿಗಳು ಕಡಲು ಸೇರುವೆಡೆಯಲ್ಲಾಗಲಿ ದೋಣಿಯನ್ನು ಇಟ್ಟಿರುವವರಿಗೆ ನನ್ನ ಮಾತು ಅನ್ವಯಿಸದು. ಅಲ್ಲಿ ಭರತ ಇಳಿತಗಳ ಸೆಳೆತವಿದೆ. ನೀರಿನ ಮೇಲಣ ವೇಗಕ್ಕೂ ನೆಲದ ಮೇಲಣ ವೇಗಕ್ಕೂ ಇರುವ ವ್ಯತ್ಯಾಸವೇ ಅಲ್ಲಿ ನಾವಿಕನಿಗೆ ಬೇಕಾದ ಅರಿವು. ಅಂಥವರು ಚಕ್ರದ ವೇಗಮಾಪಕಕ್ಕೆ ಕೊಟ್ಟ ಹಣ ಸಾರ್ಥಕವೇ ಸರಿ. ಕನ್ನಂಬಾಡಿಯ ಹಿನ್ನೀರಿನ ಮಿತ್ರರಿಗೆ ಮಾತ್ರ ನನ್ನ ಬಿನ್ನಹವಿಷ್ಟು: ಗಟ್ಟಿ ಫೈಬರಿನ ದೋಣಿಯಾಗಿದ್ದರೆ ಆಳಮಾಪಕವನ್ನು ಒಳಗೆ ಅಂಟಿಸಿ, ತಳವನ್ನು ಕೊರೆಸಬೇಡಿ, ಉಳಿದ ಹಣದಲ್ಲಿ ಎಲ್ಲಕ್ಕಿಂತ ಮೊದಲು ದೋಣಿಯೇರುವ ಪ್ರತಿಯೊಬ್ಬರಿಗೂ ಅವರವರ ಮೈಯಳತೆಗೆ ಹೊಂದುವ ಒಂದೊಂದು ಲೈಫ್ ಜಾಕೆಟ್ ಕೊಳ್ಳಿ.