ಯಂತ್ರಕ್ಕೊಂದು ಒರೆಗಲ್ಲು

ಅಕ್ಕಸಾಲಿಗನು ಚಿನ್ನದ ಹೊಳಪಿಗೆ ಮರುಳಾಗುವುದಿಲ್ಲ. ಅದನ್ನು ಒರೆಗೆ ಹಚ್ಚಿ ನೋಡುತ್ತಾನೆ. ಇಂದು ಬ್ಯಾಂಕು, ರೈಲು, ಆಸ್ಪತ್ರೆಗಳ ವ್ಯವಹಾರವೆಲ್ಲ ಗಣಕಯಂತ್ರವನ್ನು ನೆಚ್ಚಿಕೊಂಡಿದೆ. ಆ ಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಮನುಷ್ಯನು ಬರೆದ ತಂತ್ರಾಂಶದಲ್ಲಿ ತಪ್ಪು ನುಸುಳುವುದು ಸಹಜ. ಹಾಗಾದರೆ ಅದನ್ನು ಒರೆಗೆ ಹಚ್ಚುವುದು ಹೇಗೆ?

ಅರಕಲಗೂಡಿನ ಒಂದು ಕಚೇರಿಯಲ್ಲಿ ಬೆಳೆ ಪರಿಹಾರಕ್ಕೆ ಅರ್ಹವಾದ ಊರುಗಳ ಪಟ್ಟಿ ಸಿದ್ಧವಾಗಬೇಕಾಗಿದೆ ಎಂದು ಭಾವಿಸಬಹುದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ತಂತ್ರಾಂಶವನ್ನು ತರುಣಿಯೊಬ್ಬಳು ಬರೆದಳು. ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳ ಹೆಸರನ್ನು ಹಿಂದುಮುಂದಾಗಿ ಕೊಟ್ಟು ಅದನ್ನು ಪರೀಕ್ಷಿಸಿದಳು. ಯಂತ್ರವು ಅರಕಲಗೂಡು, ಅರಸೀಕೆರೆ, ಆಲೂರು, ಚನ್ನರಾಯಪಟ್ಟಣ, ಬೇಲೂರು, ಸಕಲೇಶಪುರ, ಹಾಸನ, ಹೊಳೆನರಸೀಪುರ ಎಂದು ಜೋಡಿಸಿತು. ಉತ್ತರ ಸರಿಯಾಗಿಯೇ ಇತ್ತು.

ಆದರೆ ಆಕೆಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಪಟ್ಟಿಗೆ ಹೊಸಹಳ್ಳಿ ಎಂಬ ಇನ್ನೊಂದು ಹೆಸರನ್ನು ಸೇರಿಸಿದಳು. ನಮ್ಮ ವರ್ಣಮಾಲೆಯಲ್ಲಿ ‘ಳ’ಕಾರವು ‘ಹ’ಕಾರದ ಅನಂತರ ಬರುವ ಅಕ್ಷರ. ಆದ್ದರಿಂದ ಹೊಸಹಳ್ಳಿಯು ಹೊಳೆನರಸೀಪುರಕ್ಕಿಂತ ಮೊದಲು ಬರಬೇಕು. ಯಂತ್ರವು ಹೊಳೆನರಸೀಪುರವನ್ನೇ ಮುಂದಿಟ್ಟಿತು! ಕಾರಣವಿಷ್ಟೆ: ಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಬಲ್ಲದು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ಳ’ದ ಸಂಖ್ಯೆ 3251, ‘ಸ’ದ್ದು 3256, ‘ಹ’ದ್ದು 3257. ಕೇವಲ ಸಂಖ್ಯೆಯನ್ನು ನೋಡಿ ಜೋಡಿಸಿದರೆ ‘ಳ’ವು ‘ಸ’ಕ್ಕಿಂತ ಮುಂದಾಗುತ್ತದೆ. ಇಂತಹ ಪಟ್ಟಿಯಲ್ಲಿ ಹೆಸರು ಇರಬೇಕಾದ ಸ್ಥಳದಲ್ಲಿ ಇರುವುದಿಲ್ಲ. ಅದನ್ನು ಹುಡುಕಿದ ಗುಮಾಸ್ತನು “ನಿಮ್ಮೂರಿನ ಹೆಸರು ಬಂದಿಲ್ಲ” ಎಂದು ರೈತನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಬಹುದು.

ತರುಣಿಯು ತಪ್ಪನ್ನು ತಿದ್ದಿದಳು. ಜೊತೆಗೆ ಆ ಪ್ರಶ್ನೆಯನ್ನು ಶಾಶ್ವತವಾಗಿ ಉಳಿಸಿದಳು. ಕೊಡುವ ಹೆಸರುಗಳು, ಬರಬೇಕಾದ ಉತ್ತರ, ಇವೆರಡನ್ನೂ ಬರೆದಿಟ್ಟು, ಯಂತ್ರದ ಉತ್ತರವನ್ನು ಅದರೊಡನೆ ಹೋಲಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದಳು. ಬರಬೇಕಾದ ಉತ್ತರವನ್ನು ಮಾತ್ರ ವರ್ಣಮಾಲೆಯನ್ನು ನೋಡಿ ತಾನೇ ಬರೆದಳು. ಯಂತ್ರವು ಕೊಟ್ಟದ್ದನ್ನೇ ಸರಿಯುತ್ತರವೆಂದು ಬರೆದಿಟ್ಟರೆ, ಕಳ್ಳನನ್ನೇ ಸಾಕ್ಷಿಗೆ ಕರೆದಂತಾಗುತ್ತದೆ. ಇಂತಹ ನೂರಾರು ಪ್ರಶ್ನೆಗಳ ಕಟ್ಟಿಗೆ ಸ್ವಯಂಚಾಲಿತ ಪರೀಕ್ಷಾಮಾಲೆಯೆನ್ನಬಹುದು. ತಂತ್ರಾಂಶದಲ್ಲಿ ಒಂದು ಸಾಲು ಬದಲಾದರೂ ಮಾಲೆಯಲ್ಲಿನ ಪ್ರಶ್ನೆಗಳೆಲ್ಲವನ್ನೂ ಮತ್ತೆ ಕೇಳಲಾಗುತ್ತದೆ. ಒಂದು ಉತ್ತರ ತಪ್ಪಿದರೂ ಆ ಬದಲಾವಣೆಯನ್ನು ತಡೆಹಿಡಿಯಲಾಗುತ್ತದೆ. ಏಕೆಂದರೆ ಒಂದೆಡೆ ತೇಪೆ ಹಾಕುವಾಗ ಇನ್ನೊಂದೆಡೆ ಹರಿಯುವುದುಂಟು. ಮನುಷ್ಯನು ಬೇಸತ್ತು ಹತ್ತನೆಯ ಸಲ ಪ್ರಶ್ನೆಯನ್ನು ಬಿಟ್ಟಾನು; ಯಂತ್ರವು ಬಿಡದು.

ಪರಿಚಿತ ಪ್ರಶ್ನೆಗಳನ್ನಷ್ಟೇ ಕೇಳಿ ನೆಮ್ಮದಿಯಿಂದಿರುವುದು ಎಷ್ಟು ಅಪಾಯಕರವೆಂಬುದಕ್ಕೆ ಒಂದು ಘಟನೆ ಸಾಕ್ಷಿಯಾಗಿದೆ. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು. ದಿಕ್ಕನ್ನರಿಯುವ ಅದರ ತಂತ್ರಾಂಶವನ್ನು ಹಿಂದಿನ ಏರಿಯಾನ್-4ರಿಂದ ತೆಗೆದುಕೊಳ್ಳಲಾಗಿತ್ತು. ಅದರಲ್ಲಿ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಅಂಕಿಗೆ 32,767ರವರೆಗೆ ಮಾತ್ರ ಸ್ಥಳವಿತ್ತು. ಹಳೆಯ ರಾಕೆಟ್ಟಿಗೆ ಅದು ಸಾಕಾಗಿತ್ತು. ಹೊಸದರ ಅಡ್ಡವೇಗ ಹೆಚ್ಚು. ಅಂಕಿಯು ಮಿತಿಯನ್ನು ಮೀರಿತು. ಮುಖ್ಯ ಉಪಕರಣವೂ, ಅದೇ ತಂತ್ರಾಂಶವಿದ್ದ ಬದಲಿ ಉಪಕರಣವೂ ಕೈಕೊಟ್ಟವು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ನಾಲ್ಕು ವಿಜ್ಞಾನ ಉಪಗ್ರಹಗಳೊಡನೆ ಚೂರುಚೂರಾಯಿತು. ಹೊಸ ರಾಕೆಟ್ಟಿನ ಪಥದ ಅಂಕಿಗಳನ್ನು ಕೊಟ್ಟು ಆ ಉಪಕರಣವನ್ನು ಮೊದಲೇ ಪರೀಕ್ಷಿಸಿರಲಿಲ್ಲವೆಂಬುದು ತನಿಖೆಯಿಂದ ಹೊರಬಿತ್ತು. ಎಂಟು ತಾಲ್ಲೂಕುಗಳ ಹೆಸರನ್ನಷ್ಟೇ ಕೇಳಿ, ಹೊಸಹಳ್ಳಿಯನ್ನು ಕೇಳದೆ ಬಿಟ್ಟ ಹಾಗಾಯಿತು!

ಪರೀಕ್ಷೆಯು ತಪ್ಪು ಇದೆಯೆಂದು ತೋರಿಸಬಲ್ಲದು, ತಪ್ಪೇ ಇಲ್ಲವೆಂದು ತೋರಿಸಲಾರದು ಎಂಬುದು ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಅಭಿಪ್ರಾಯ. ಆದ್ದರಿಂದ ಒಳ್ಳೆಯ ಪರೀಕ್ಷಕನು ತನ್ನ ಕೆಲಸವನ್ನು ಮೆಚ್ಚಿಕೊಳ್ಳುವ ಪ್ರಶ್ನೆಯನ್ನು ಕೇಳದೆ, ಅದನ್ನು ಸೋಲಿಸಬಲ್ಲ ಪ್ರಶ್ನೆಯನ್ನು ಹುಡುಕುತ್ತಾನೆ. ಯಂತ್ರಕ್ಕೆ ದಣಿವಿಲ್ಲ, ನಿಜ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬ ವಿವೇಕವು ಮನುಷ್ಯನದೇ.

ಅಭ್ಯಾಸ

1. ಎಂಟು ಹೆಸರುಗಳಲ್ಲಿ ಕಾಣದ ತಪ್ಪು ಒಂಬತ್ತನೆಯ ಹೆಸರಿನಿಂದ ಹೇಗೆ ಬೆಳಕಿಗೆ ಬಂದಿತು?
2. “ಕಳ್ಳನನ್ನೇ ಸಾಕ್ಷಿಗೆ ಕರೆದಂತಾಗುತ್ತದೆ” – ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
3. ನಿಮ್ಮ ತರಗತಿಯ ಹಾಜರಿ ಪುಸ್ತಕದ ಹೆಸರುಗಳನ್ನು ಅಕಾರಾದಿಯಾಗಿ ಬರೆದು, ಯಂತ್ರವು ಎಡವಬಹುದಾದ ಹೆಸರುಗಳನ್ನು ಗುರುತಿಸಿ.